ವಿದ್ಯಾರ್ಥಿಯ ನಿದ್ರೆ: ಒಂದು ವಿವೇಚನೆ

ಬೆಳಗಿನ ಮೊದಲ ಪಾಠದ ವೇಳೆಯಲ್ಲಿ ಹತ್ತನೆಯ ತರಗತಿಯ ಬಾಲಕನೊಬ್ಬನು ಪುಸ್ತಕದ ಮೇಲೆ ತಲೆಯಿಟ್ಟು ತೂಕಡಿಸುವ ದೃಶ್ಯ ಯಾವ ಅಧ್ಯಾಪಕರಿಗೂ ಹೊಸದಲ್ಲ. ಅವನನ್ನು ಎಬ್ಬಿಸಿ ನಿಲ್ಲಿಸುವುದೂ, 'ಕುಂಭಕರ್ಣ'ನೆಂಬ ಬಿರುದನ್ನು ದಯಪಾಲಿಸುವುದೂ, ಉಳಿದವರು ಘೊಳ್ಳೆಂದು ನಗುವುದೂ ಶಾಲೆಗಳಷ್ಟೇ ಹಳೆಯ ಸಂಪ್ರದಾಯವಾಗಿದೆ. ಆದರೆ ಉಪಮೆ ಇಲ್ಲಿ ಹೊಂದುವುದಿಲ್ಲ. ಕುಂಭಕರ್ಣನು ಆರು ತಿಂಗಳು ನಿದ್ರಿಸಿ ಒಂದು ದಿನ ಎಚ್ಚರಗೊಳ್ಳುತ್ತಿದ್ದವನು. ಈ ಬಾಲಕನಾದರೋ ಹಿಂದಿನ ರಾತ್ರಿ ಆರು ಗಂಟೆಗಳ ಕಾಲವೂ ಕಣ್ಣು ಮುಚ್ಚಿದವನಲ್ಲ. ಅವನಲ್ಲಿರುವುದು ನಿದ್ರೆಯ ಆಧಿಕ್ಯವಲ್ಲ, ಅಭಾವ. ಈ ವ್ಯತ್ಯಾಸವನ್ನು ಗುರುತಿಸದೆ ಹೋದರೆ, ದಂಡಿಸಬಾರದವನನ್ನು ದಂಡಿಸಿದಂತಾಗುವುದಲ್ಲದೆ, ಆರೈಕೆ ಬೇಕಾದವನನ್ನು ಕೈಬಿಟ್ಟಂತೆಯೂ ಆಗುತ್ತದೆ.

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವುದು ಈ ಊರಿನಲ್ಲಿ. ಕೈಗಾರಿಕಾ ಪ್ರದೇಶವಿರುವುದೂ ಇಲ್ಲಿಯೇ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನಾ ಸಮಾರಂಭ ನಡೆದುದೂ ಈ ಊರಿನ ಬಳಿಯಲ್ಲೇ. ಹೀಗಾಗಿ ಹಾಲಿನ ಟ್ಯಾಂಕರುಗಳ, ಲಾರಿಗಳ ಸದ್ದು ಅಡಗುವ ಹೊತ್ತೆಂಬುದು ಇಲ್ಲಿ ಇಲ್ಲ. ಇಂಥ ಊರಿನ ಒಕ್ಕಲು ಮನೆಯ ಹುಡುಗನ ದಿನಚರಿಯನ್ನು ಊಹಿಸಿಕೊಳ್ಳಿ. ಸಂಜೆ ಶಾಲೆಯಿಂದ ಬಂದೊಡನೆ ಹಾಲನ್ನು ಸಂಘಕ್ಕೆ ಹಾಕಿ ಬರಬೇಕು. ಆಮೇಲೆ ಮನೆಪಾಠ. ಊಟವಾಗುವಾಗ ಗಂಟೆ ಒಂಬತ್ತೂವರೆ, ಹತ್ತು. ಪಂಪುಸೆಟ್ಟಿನ ಮೂರು ಫೇಸಿನ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬರುವ ವಾರವಾದರೆ ತಂದೆ ಕಬ್ಬಿನ ಗದ್ದೆಗೆ ನೀರು ತಿರುಗಿಸಲು ಹೊರಡುತ್ತಾನೆ, ಕೆಲವೊಮ್ಮೆ ಮಗನೂ ಬ್ಯಾಟರಿ ಹಿಡಿದು ಹಿಂದೆ ನಡೆಯುತ್ತಾನೆ. ಹಿಂದಿರುಗಿ ಮಲಗಿದರೆ ನಾಲೆಯ ಬಯಲಿನ ಸೊಳ್ಳೆ. ಕೈಯಲ್ಲಿ ಮೊಬೈಲ್ ಫೋನು. ಕಣ್ಣು ಹತ್ತುವಾಗ ಹನ್ನೆರಡಾಗಿರುತ್ತದೆ. ಬೆಳಗಿನ ಐದಕ್ಕೆ ಹಸು ಕರೆಯುವ ಹೊತ್ತು, ಇಲ್ಲವೆ ಪರೀಕ್ಷೆಗೆ ಓದಿಕೊಳ್ಳುವ ಹೊತ್ತು. ಇಷ್ಟರಲ್ಲಿ ಆ ಹುಡುಗನ ಸೋಮಾರಿತನ ಎಲ್ಲಿದೆಯೆಂಬುದನ್ನು ಓದುಗರೇ ಹುಡುಕಬೇಕು.

ರಾತ್ರಿಯನ್ನು ಹಗಲು ಮಾಡುವ ಕಾರ್ಯ ಒಂದರ್ಥದಲ್ಲಿ ಈ ಜಿಲ್ಲೆಯಿಂದಲೇ ಆರಂಭವಾಯಿತೆನ್ನಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ಜಲವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದಲೇ ಬೆಳಗಿದವು. ಜಲಪಾತದ ಸುತ್ತಲಿನ ಹಳ್ಳಿಗಳಿಗೆ ಆ ಬೆಳಕು ತಲುಪಿದುದು ಬಹುಕಾಲದ ಅನಂತರ. ಅಲ್ಲಿಯವರೆಗೆ ಎಣ್ಣೆ ಆರಿದೊಡನೆ ದಿನವೂ ಮುಗಿಯುತ್ತಿತ್ತು. ಹಿಂದಿನವರು ರಾತ್ರಿ ಎಚ್ಚರವಿರುತ್ತಿರಲಿಲ್ಲವೆಂದಲ್ಲ. ಮಂಡ್ಯದ ಸೀಮೆಯಲ್ಲಿ ಆಲೆಮನೆಯ ಒಲೆ ನಡುರಾತ್ರಿಯಲ್ಲಿಯೂ ಉರಿಯುತ್ತಿತ್ತು. 'ಕುರುಕ್ಷೇತ್ರ' ನಾಟಕವೆಂದರೆ ಬೆಳಕು ಹರಿಯುವವರೆಗೂ ಜನ ಕದಲುತ್ತಿರಲಿಲ್ಲ. ಶಿವರಾತ್ರಿಯ ಜಾಗರಣೆಯಂತೂ ವ್ರತವೇ. ಆದರೆ ವ್ರತದ ಲಕ್ಷಣವೇ ಅದು ನಿತ್ಯವಲ್ಲವೆಂಬುದು. ನಾಟಕ ನೋಡಿದವನು ಮರುದಿನ ಹೊಂಗೆಯ ನೆರಳಿನಲ್ಲಿ ಮಧ್ಯಾಹ್ನದವರೆಗೂ ಮಲಗುತ್ತಿದ್ದ. ಅವನನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸುತ್ತಿರಲಿಲ್ಲ. ಇಂದಿನ ಬಾಲಕನಿಗೆ ಪ್ರತಿರಾತ್ರಿಯೂ ಜಾಗರಣೆ, ಪಾರಣೆಯೆಂಬುದು ಮಾತ್ರ ಇಲ್ಲ.

ಹಾಗಾದರೆ ಈ ವಯಸ್ಸಿನವರಿಗೆ ಎಷ್ಟು ನಿದ್ರೆ ಬೇಕು? ದೊಡ್ಡವರಾದಂತೆಲ್ಲ ನಿದ್ರೆಯ ಅಗತ್ಯ ಕಡಿಮೆಯಾಗುತ್ತ ಬರುತ್ತದೆಯೆಂದು ಎಲ್ಲರೂ ನಂಬಿದ್ದ ಕಾಲವೊಂದಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮೇರಿ ಕಾರ್ಸ್‌ಕಡನ್ ಎಂಬ ವಿದುಷಿಯು 1970ರ ದಶಕದ ಉತ್ತರಾರ್ಧದಲ್ಲಿ ಬೇಸಗೆಯ ನಿದ್ರಾಶಿಬಿರಗಳನ್ನು ಏರ್ಪಡಿಸಿ, ಅದೇ ಮಕ್ಕಳನ್ನು ವರ್ಷವರ್ಷವೂ ಕರೆಸಿ, ಹತ್ತು ಗಂಟೆಗಳ ಕಾಲ ಹಾಸಿಗೆಯಲ್ಲಿರಲು ಅವಕಾಶವಿತ್ತು ಪರೀಕ್ಷಿಸಿದರು. ಹತ್ತು ವರ್ಷದವನಿರಲಿ ಹದಿನಾರರವನಿರಲಿ, ಎಲ್ಲರೂ ಒಂಬತ್ತು ಗಂಟೆಗಳಿಗಿಂತ ತುಸು ಹೆಚ್ಚು ಕಾಲವೇ ನಿದ್ರಿಸಿದರು. ವಿಶೇಷವೇನೆಂದರೆ, ಅಷ್ಟೇ ನಿದ್ರಿಸಿದರೂ ದೊಡ್ಡ ಮಕ್ಕಳೇ ಹಗಲಿನಲ್ಲಿ ಹೆಚ್ಚು ತೂಕಡಿಸಿದರು. ಅಮೆರಿಕದ ನಿದ್ರಾವೈದ್ಯರ ಪರಿಷತ್ತು 2016ರಲ್ಲಿ ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆಯನ್ನು ವಿಧಿಸಿತು. ಇವೆರಡರ ನಡುವಣ ಸಂಖ್ಯೆ ಒಂಬತ್ತು.

ಇಲ್ಲಿ ಒಂದು ಶಬ್ದವಿಚಾರವನ್ನು ಹೇಳದೆ ಮುಂದುವರಿಯುವುದು ಕಷ್ಟ. ಸಂಸ್ಕೃತ ನಿಘಂಟುಕಾರರು ರಾತ್ರಿಗೆ 'ತ್ರಿಯಾಮಾ' ಎಂಬ ಪರ್ಯಾಯವನ್ನು ಕೊಟ್ಟಿದ್ದಾರೆ. ಯಾಮವೇ ಕನ್ನಡದ 'ಜಾವ'. ಅದರ ಪ್ರಮಾಣ ಮೂರು ಗಂಟೆ. ರಾತ್ರಿಗೆ ನಾಲ್ಕು ಜಾವಗಳಿದ್ದರೂ ಮೊದಲಿನ ಅರೆಜಾವವನ್ನೂ ಕೊನೆಯ ಅರೆಜಾವವನ್ನೂ ಜನರ ಓಡಾಟದ ಕಾಲವಾದ್ದರಿಂದ ಹಗಲಿಗೆ ಸೇರಿಸಿ, ಉಳಿದ ಮೂರು ಜಾವಗಳನ್ನೇ ನಿಜವಾದ ರಾತ್ರಿಯೆಂದು ಎಣಿಸಿದರು. ಮೂರು ಜಾವವೆಂದರೆ ಒಂಬತ್ತು ಗಂಟೆ. ನಿಘಂಟುಕಾರರು ಹದಿಹರೆಯದವರನ್ನು ನೆನೆದು ಆ ಪದವನ್ನು ಬರೆದರೆಂದು ವಾದಿಸಬೇಕಾಗಿಲ್ಲ; ಹೋಲಿಕೆ ಸ್ವಾರಸ್ಯಕರವೆಂದರೆ ಸಾಕು.

ಎಷ್ಟು ಬೇಕೆಂಬುದು ತಿಳಿದರೂ, ಬೇಗ ಮಲಗೆಂದರೆ ಈ ಮಕ್ಕಳು ಮಲಗಲಾರರೇಕೆಂಬ ಪ್ರಶ್ನೆ ಉಳಿಯುತ್ತದೆ. ನಿದ್ರೆಯನ್ನು ಎರಡು ಶಕ್ತಿಗಳು ನಡೆಸುತ್ತವೆಯೆಂದು ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ 1982ರಲ್ಲಿ ನಿರೂಪಿಸಿದರು. ಒಂದು, ಎಚ್ಚರವಿದ್ದಷ್ಟೂ ಏರುತ್ತ ಹೋಗುವ ನಿದ್ರೆಯ ಒತ್ತಡ; ಇದು ಸಾಲದ ಬಡ್ಡಿಯಂತೆ, ಮಲಗಿದಾಗ ತೀರುತ್ತದೆ. ಮಿದುಳಿನಲ್ಲಿ ಸಂಚಯವಾಗುವ ಅಡಿನೊಸಿನ್ ಎಂಬ ವಸ್ತು ಈ ಒತ್ತಡದ ಒಂದು ಮುಖ್ಯ ಕಾರಣ. ಕಾಫಿ ಟೀಗಳಲ್ಲಿರುವ ಕೆಫೀನು ಅದರ ಬಾಗಿಲನ್ನು ಮುಚ್ಚಿ ನಿಲ್ಲುವುದರಿಂದಲೇ ನಿದ್ರೆ ಹಾರಿಹೋಗುವುದು. ಎರಡನೆಯದು, ಶರೀರದೊಳಗಿನ ಗಡಿಯಾರ. ಕಣ್ಣುಗಳ ಹಿಂದೆ, ಮಿದುಳಿನ ತಳಭಾಗದಲ್ಲಿರುವ ಸಣ್ಣ ಜೀವಕೋಶಗಳ ಗುಂಪೊಂದು ಸೂರ್ಯನ ಬೆಳಕನ್ನು ನೋಡಿಕೊಂಡು ದಿನದ ಲೆಕ್ಕವನ್ನಿಡುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸವನ್ನು ಸ್ರವಿಸುವಂತೆ ಅಪ್ಪಣೆ ಮಾಡುತ್ತದೆ. ಜೀವಕೋಶಗಳು ಈ ಕಾಲಗಣನೆಯನ್ನು ನಡೆಸುವ ಬಗೆಯನ್ನು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಪ್ರೌಢಾವಸ್ಥೆ ಪ್ರಾಪ್ತವಾದೊಡನೆ ಈ ಎರಡೂ ಬದಲಾಗುತ್ತವೆ. ಒತ್ತಡ ನಿಧಾನವಾಗಿ ಏರುತ್ತದೆ. ಗಡಿಯಾರ ಒಂದೆರಡು ಗಂಟೆ ಹಿಂದೆ ಬೀಳುತ್ತದೆ. ಮನೆಯ ಚಿಕ್ಕ ಮಗು ಎಂಟೂವರೆಗೆ ತೂಕಡಿಸಿದರೆ ಅದರ ಅಣ್ಣನಿಗೆ ಹತ್ತೂವರೆ ಹನ್ನೊಂದರವರೆಗೆ ಕಣ್ಣು ಎಳೆಯುವುದೇ ಇಲ್ಲ. ಇದು ಕೇವಲ ಸಹವಾಸದೋಷವಲ್ಲ. ಪ್ರಾಯಕ್ಕೆ ಬರುವ ಮಂಗಗಳಲ್ಲಿಯೂ ಈ ವಿಳಂಬ ಕಂಡುಬಂದಿದೆ. ಇಪ್ಪತ್ತರ ಹೊತ್ತಿಗೆ ವಿಳಂಬ ಪರಾಕಾಷ್ಠೆಯನ್ನು ಮುಟ್ಟಿ, ಆಮೇಲೆ ಗಡಿಯಾರ ಮೆಲ್ಲಮೆಲ್ಲನೆ ಮುಂದಕ್ಕೆ ಸರಿಯುತ್ತದೆ. ಐವತ್ತು ದಾಟಿದವರು ಕೋಳಿ ಕೂಗುವ ಮುನ್ನ ತಾವಾಗಿಯೇ ಏಳುವುದು ಇದರಿಂದಲೇ. ಶಾಲೆಯ ವೇಳಾಪಟ್ಟಿಯನ್ನು ರಚಿಸುವವರು ಬಹುಮಟ್ಟಿಗೆ ಈ ವಯಸ್ಸಿನವರು. ತಮಗೆ ಸಹಜವಾಗಿ ಒದಗಿದ ಬೆಳಗಿನ ಎಚ್ಚರವನ್ನು ಸದ್ಗುಣವೆಂದೂ, ಮಕ್ಕಳಿಗೆ ಸಹಜವಾದ ಬೆಳಗಿನ ನಿದ್ರೆಯನ್ನು ದುರ್ಗುಣವೆಂದೂ ಭಾವಿಸುವುದು ಮನುಷ್ಯಸ್ವಭಾವವೇ ಸರಿ.

ಎಸ್.ಎಸ್.ಎಲ್.ಸಿ. ಪರೀಕ್ಷೆ ಸಮೀಪಿಸಿದಾಗ ರಾಜ್ಯದ ಹಲವೆಡೆ ಅಧ್ಯಾಪಕರು ಬೆಳಗಿನ ಜಾವದಲ್ಲಿ ಮನೆಗೆ ಫೋನು ಮಾಡಿ ಮಕ್ಕಳನ್ನು ಎಬ್ಬಿಸುವ ಪದ್ಧತಿ ಬಂದಿದೆ. 2022ರ ಡಿಸೆಂಬರಿನಲ್ಲಿ ಹರಿಯಾಣ ಸರ್ಕಾರವು ನಾಲ್ಕೂವರೆಗೇ ಮಕ್ಕಳು ಏಳುವಂತೆ ಗುಡಿ, ಮಸೀದಿ, ಗುರುದ್ವಾರಗಳಿಂದ ಕೂಗಿಸಬೇಕೆಂದು ಕೇಳಿಕೊಂಡಿತ್ತು. ಈ ಅಧ್ಯಾಪಕರ ಶ್ರದ್ಧೆಯನ್ನು ಹಗುರವಾಗಿ ಕಾಣಲಾಗದು. ಮಕ್ಕಳಿಗಾಗಿ ಅವರೂ ನಿದ್ರೆಗೆಟ್ಟವರೇ. ಆದರೆ ಬ್ರಾಹ್ಮೀ ಮುಹೂರ್ತದ ಹೆಸರಿನಲ್ಲಿ ಇದನ್ನು ಸಮರ್ಥಿಸುವವರು ಆ ಶಾಸ್ತ್ರವನ್ನು ಪೂರ್ಣವಾಗಿ ನೋಡಬೇಕು. ಮುಹೂರ್ತವೆಂದರೆ 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತಗಳ ಮುಂಚೆ, ಎಂದರೆ 96 ನಿಮಿಷ ಮುಂಚಿತವಾಗಿ, ಬ್ರಾಹ್ಮೀ ಮುಹೂರ್ತ ಆರಂಭವಾಗುತ್ತದೆ. ಪರೀಕ್ಷೆಯ ಸಿದ್ಧತೆ ಬಿರುಸಾಗುವ ಜನವರಿಯ ಕೊನೆಯಲ್ಲಿ ಮಂಡ್ಯದ ಸೀಮೆಯಲ್ಲಿ ಸೂರ್ಯೋದಯವಾಗುವುದು ಆರೂಮುಕ್ಕಾಲರ ಸುಮಾರಿಗೆ. ಆಗ ಬ್ರಾಹ್ಮೀ ಮುಹೂರ್ತ ಬರುವುದು ಐದು ಗಂಟೆ ಹತ್ತು ನಿಮಿಷಕ್ಕೆ. ನಾಲ್ಕೂವರೆಯ ಗಂಟೆ ಶಾಸ್ತ್ರಕ್ಕಿಂತಲೂ ನಲವತ್ತು ನಿಮಿಷ ಮುಂದೆ ಓಡುತ್ತಿದೆ! ಮೇಲಾಗಿ, ವಾಗ್ಭಟನು 'ಅಷ್ಟಾಂಗಹೃದಯ'ದ ದಿನಚರ್ಯಾಧ್ಯಾಯದಲ್ಲಿ ಆ ಹೊತ್ತಿಗೆ ಏಳಲು ಹೇಳಿದುದು ಸ್ವಸ್ಥನಾದವನಿಗೆ. ದೀಪವಾರಿಸಿ ಎಂಟಕ್ಕೆ ಮಲಗುತ್ತಿದ್ದವರು ಐದಕ್ಕೆ ಎದ್ದರೆ ಒಂಬತ್ತು ಗಂಟೆಯಾಗುತ್ತಿತ್ತು. ಹಳೆಯ ನಿಯಮಕ್ಕೆ ಎರಡು ಕೊನೆಗಳಿದ್ದವು. ಒಂದನ್ನು ಕೈಬಿಟ್ಟು ಇನ್ನೊಂದನ್ನು ಮಾತ್ರ ಬಿಗಿಹಿಡಿದಿರುವುದರಿಂದ ಈ ತೊಂದರೆ.

ನಸುಕಿನ ಓದು ಮನಸ್ಸಿನಲ್ಲಿ ನಿಲ್ಲುತ್ತದೆಂಬ ಪಂಡಿತರ ಅನುಭವವೂ ಸುಳ್ಳಲ್ಲ. ತುಂಬ ನಿದ್ರೆಯಾದ ಮೇಲಿನ ಮನಸ್ಸು ತೊಳೆದ ಹಲಗೆಯಂತಿರುತ್ತದೆ. ನಿದ್ರೆಯಾಗದಿದ್ದರೆ ಅದೇ ನಸುಕು ವ್ಯರ್ಥ. ರಾತ್ರಿಯ ನಿದ್ರೆ ಸುಮಾರು ಒಂದೂವರೆ ಗಂಟೆಯ ಆವರ್ತಗಳಲ್ಲಿ ಸಾಗುತ್ತದೆ. ಗಾಢನಿದ್ರೆಯ ಬಹುಭಾಗ ಮೊದಲ ಆವರ್ತಗಳಲ್ಲಿ. ಶರೀರವನ್ನು ಬೆಳೆಸುವ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಆಗ. 1953ರಲ್ಲಿ ಷಿಕಾಗೋದಲ್ಲಿ ಕಂಡುಹಿಡಿಯಲ್ಪಟ್ಟ, ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಚಲಿಸುವ ಸ್ವಪ್ನನಿದ್ರೆಯ ಬಹುಭಾಗ ಕೊನೆಯ ಆವರ್ತಗಳಲ್ಲಿ ಬರುತ್ತದೆ. ಹಗಲಿನಲ್ಲಿ ಕಲಿತುದನ್ನು ನೆನಪಿನ ಕಣಜಕ್ಕೆ ತುಂಬುವ ಕೆಲಸ, ಭಾವೋದ್ವೇಗಗಳನ್ನು ಶಮನಗೊಳಿಸುವ ಕೆಲಸ ಈ ಎರಡು ಬಗೆಯ ನಿದ್ರೆಗಳಲ್ಲಿ ನಡೆಯುತ್ತದೆ. ಆದಕಾರಣ ಕೊನೆಯ ಎರಡು ಗಂಟೆಗಳನ್ನು ಕತ್ತರಿಸಿದರೆ ನಷ್ಟ ನಿದ್ರೆಯ ಕಾಲುಭಾಗವಷ್ಟೇ ಅಲ್ಲ, ಸ್ವಪ್ನನಿದ್ರೆಯ ಅದಕ್ಕೂ ಹೆಚ್ಚಿನ ಪಾಲು. ಓದುವುದಕ್ಕೆಂದು ಎಬ್ಬಿಸಿ, ಓದಿದುದನ್ನು ಉಳಿಸಿಕೊಳ್ಳುವ ವ್ಯವಸ್ಥೆಯನ್ನೇ ಕೆಡಿಸಿದಂತಾಯಿತು.

ವಿದ್ಯಾರ್ಥಿಯ ಪಂಚಲಕ್ಷಣಗಳಲ್ಲಿ ಶ್ವಾನನಿದ್ರೆಯೂ ಒಂದೆಂದು ಎಲ್ಲ ಮಕ್ಕಳಿಗೂ ಕಲಿಸಲಾಗುತ್ತದೆ. ಅದರ ತಾತ್ಪರ್ಯ ಎಚ್ಚರಿಕೆಯ ನಿದ್ರೆಯೆಂದೇ ಹೊರತು ಅಲ್ಪನಿದ್ರೆಯೆಂದಲ್ಲ. ಹಗಲೂ ರಾತ್ರಿಯೂ ತುಂಡುತುಂಡಾಗಿ ಮಲಗುವ ನಾಯಿ ದಿನಕ್ಕೆ ಒಟ್ಟು ಹತ್ತು ಗಂಟೆಗೆ ಕಡಿಮೆಯಿಲ್ಲದೆ ನಿದ್ರಿಸುವ ಪ್ರಾಣಿ. ಅರ್ಜುನನಿಗೆ 'ಗುಡಾಕೇಶ'ನೆಂಬ ಹೆಸರುಂಟು. ಗುಡಾಕೆಯೆಂದರೆ ನಿದ್ರೆ, ಅದಕ್ಕೆ ಈಶ. ಒಡೆಯನು ತನ್ನ ಆಳನ್ನು ಕೊಲ್ಲುವುದಿಲ್ಲ. ಬೇಕಾದಾಗ ಕರೆಯುತ್ತಾನೆ, ಬೇಡವಾದಾಗ ಕಳುಹಿಸುತ್ತಾನೆ. ಚರಕಾಚಾರ್ಯರಂತೂ ಆಹಾರದೊಡನೆ ನಿದ್ರೆಯನ್ನು ಶರೀರದ ಮೂರು ಆಧಾರಸ್ತಂಭಗಳಲ್ಲಿ ಎಣಿಸಿದರು. ಹಗಲುನಿದ್ರೆಯನ್ನು ಸಾಮಾನ್ಯವಾಗಿ ನಿಷೇಧಿಸಿದರೂ, ಅಧ್ಯಯನದಿಂದ ಬಳಲಿದವರಿಗೆ ಎಲ್ಲ ಋತುಗಳಲ್ಲಿಯೂ ಅದನ್ನು ಅನುಮತಿಸಿದರು. ನಿದ್ರೆಯನ್ನು ತರುವ ಪದಾರ್ಥಗಳಲ್ಲಿ ಎಮ್ಮೆಯ ಹಾಲು ಶ್ರೇಷ್ಠವೆಂದೂ ಹೇಳಿದ್ದಾರೆ. ಮದ್ದೂರಿನ ಸೀಮೆಯ ಮಕ್ಕಳು ಹಾಲನ್ನೆಲ್ಲ ಸಂಘಕ್ಕೆ ಹಾಕಿ ಚಹ ಕುಡಿದು ಓದುತ್ತಾರೆಂಬುದು ಅವರಿಗೆ ತಿಳಿದಿರಲಾರದು. ಸಂಜೆ ಕುಡಿದ ಚಹದ ಕೆಫೀನಿನಲ್ಲಿ ಅರ್ಧದಷ್ಟು ಐದಾರು ಗಂಟೆಗಳ ಅನಂತರವೂ ರಕ್ತದಲ್ಲಿ ಉಳಿದಿರಬಹುದು.

ಮೊಬೈಲ್ ಫೋನನ್ನು ನಿಂದಿಸುವುದು ಸುಲಭ. 2020ರಲ್ಲಿ ಕೊರೋನಾ ಕಾರಣ ಶಾಲೆಗಳು ಮುಚ್ಚಿದಾಗ ಅದನ್ನು ಮಕ್ಕಳ ಕೈಗೆ ಕೊಟ್ಟವರು ಹಿರಿಯರೇ ಎಂಬುದನ್ನೂ ಮರೆಯಬಾರದು. ಅದರಿಂದ ಎರಡು ಬಗೆಯ ಕೇಡು. ಪರದೆಯ ನೀಲಿಮಿಶ್ರಿತ ಬೆಳಕು ಮಿದುಳಿನ ಗಡಿಯಾರಕ್ಕೆ ಇನ್ನೂ ಹಗಲೆಂಬ ಭ್ರಾಂತಿಯನ್ನುಂಟುಮಾಡಿ ಮೆಲಟೋನಿನ್ನನ್ನು ತಡೆಯುತ್ತದೆ. ಆದರೆ ಬೆಳಕಿಗಿಂತ ಹೆಚ್ಚಿನ ಕೇಡು ಅದರೊಳಗಿನ ವಿಷಯದ್ದು. ಪುಸ್ತಕಕ್ಕೆ ಕೊನೆಯ ಪುಟವುಂಟು, ನಾಟಕಕ್ಕೆ ಮಂಗಳವುಂಟು; ಬೆರಳಿನಿಂದ ಮೇಲೆ ಸರಿಸುತ್ತ ಹೋಗುವ ಆ ಚಿತ್ರಮಾಲಿಕೆಗೆ ಮುಗಿತಾಯವೇ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥ ವ್ಯಸನಕ್ಕೆಂದೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಯಿತು.

ನಿದ್ರೆಗೆಟ್ಟವರೆಲ್ಲರೂ ಒಂದೇ ಬಗೆಯವರಲ್ಲವೆಂಬುದು ಅಧ್ಯಾಪಕರಿಗೆ ಮುಖ್ಯವಾದ ಸಂಗತಿ. ಮೇಲೆ ಹೇಳಿದ ಗೆಜ್ಜಲಗೆರೆಯ ಹುಡುಗನಿಗೆ ರೋಗವಿಲ್ಲ, ಅವನಿಗೆ ವೇಳೆಯಿಲ್ಲ. ರಜೆಯಲ್ಲಿ ಬಿಟ್ಟರೆ ಅವನು ಹತ್ತು ಗಂಟೆ ಮಲಗಿ ನಗುತ್ತ ಏಳುತ್ತಾನೆ. ಇನ್ನೊಬ್ಬನ ಗಡಿಯಾರ ತೀರ ಜಾರಿರುತ್ತದೆ: ಎರಡು ಗಂಟೆಯವರೆಗೆ ನಿದ್ರೆ ಸುಳಿಯದು, ಹತ್ತು ಗಂಟೆಯವರೆಗೆ ಎಚ್ಚರವಾಗದು. ಭಾನುವಾರ ಮಧ್ಯಾಹ್ನದವರೆಗೆ ಮಲಗುವ ಅಭ್ಯಾಸ ಈ ಜಾರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇಂಥವನಿಗೆ ಎದ್ದೊಡನೆ ಬಿಸಿಲಿನಲ್ಲಿ ಅಡ್ಡಾಡುವುದೇ ಮದ್ದು. ಮೂರನೆಯವನದು ನಿಜವಾದ ಅನಿದ್ರೆ. ಕತ್ತಲೆಯಿದೆ, ವೇಳೆಯಿದೆ, ಹಾಸಿಗೆಯಿದೆ. ನಿದ್ರೆ ಮಾತ್ರ ಇಲ್ಲ. ವಾರಕ್ಕೆ ಮೂರು ರಾತ್ರಿಗಳಂತೆ ಮೂರು ತಿಂಗಳು ಹೀಗಾದರೆ ವೈದ್ಯರು ಅದನ್ನು ರೋಗವೆಂದು ಗಣಿಸುತ್ತಾರೆ. ನಿದ್ರೆ ಬಾರದೆಂಬ ಭಯವೇ ನಿದ್ರೆಯನ್ನು ಓಡಿಸುವ ವಿಚಿತ್ರ ಸ್ಥಿತಿಯದು. ಇದಕ್ಕೆ ಮಾತ್ರೆಗಿಂತ ಮೊದಲು ನಡವಳಿಕೆಯ ಚಿಕಿತ್ಸೆ: ಹಾಸಿಗೆಯಲ್ಲಿ ಓದಬಾರದು, ಇಪ್ಪತ್ತು ನಿಮಿಷಗಳಲ್ಲಿ ನಿದ್ರೆ ಬರದಿದ್ದರೆ ಎದ್ದು ಮಂದಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗಲೇ ಮಲಗಬೇಕು, ಏಳುವ ವೇಳೆಯನ್ನು ಎಂದಿಗೂ ಬದಲಿಸಬಾರದು. ರಿಚರ್ಡ್ ಬೂಟ್ಜಿನ್ ಎಂಬ ಮನೋವಿಜ್ಞಾನಿ 1972ರಲ್ಲಿ ವಿವರಿಸಿದ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮನೆಯ ಹಿರಿಯರ ನಿದ್ರೆಮಾತ್ರೆಯನ್ನು ಮಕ್ಕಳಿಗೆ ಕೊಡುವುದು, ನೆಗಡಿಯ ಔಷಧದಿಂದ ಮಂಪರು ತರಿಸುವುದು ಅಪಾಯಕರ.

ದೇಹದ ಕಾರಣಗಳೂ ಉಂಟು. ಗೊರಕೆ ಹೊಡೆದು ಉಸಿರು ಕಟ್ಟಿದಂತಾಗುವ ಮಗುವನ್ನು ವೈದ್ಯರಿಗೆ ತೋರಿಸಬೇಕು. ಮಲಗಿದೊಡನೆ ಕಾಲು ಜುಮುಗುಟ್ಟಿ ಆಡಿಸದಿರಲಾಗದು ಎನ್ನುವ ಹುಡುಗಿಯಲ್ಲಿ ಕಬ್ಬಿಣದ ಅಂಶದ ಕೊರತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಹದಿನೈದರಿಂದ ಹತ್ತೊಂಬತ್ತರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದ ಎಸೆಯದೆ ನುಂಗುವಂತೆ ನೋಡಿಕೊಳ್ಳುವುದೂ ನಿದ್ರೆಯ ಸೇವೆಯೇ.

ಉಚಿತ ಪ್ರಸಾದ ನಿಲಯಗಳನ್ನು ನಡೆಸುವ ವಿದ್ಯಾಸಂಸ್ಥೆಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಗಂಟೆ ಅವರ ಕೈಯಲ್ಲಿಯೇ ಇದೆ. ಸ್ನಾನ, ಪೂಜೆ, ಪ್ರಾರ್ಥನೆಗಳನ್ನು ಕೈಬಿಡಬೇಕೆಂದು ಯಾರೂ ಹೇಳುವುದಿಲ್ಲ. ದೀಪವಾರಿಸುವ ವೇಳೆಯನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಒಂಬತ್ತು ಗಂಟೆಗಳನ್ನೆಣಿಸಿ ಬೆಳಗಿನ ಗಂಟೆಯನ್ನು ಬಾರಿಸುವುದು ಒಂದು ಕ್ರಮ. ಒಂಬತ್ತಕ್ಕೆ ದೀಪವಾರಿಸಿದರೆ ಆರಕ್ಕೆ ಗಂಟೆ. ಪ್ರೌಢಶಾಲೆಯ ಮಕ್ಕಳಿಗೆ ಒಂಬತ್ತೂವರೆಗೆ ದೀಪ ಆರಿದರೆ ಐದೂವರೆಗೆ ಎಬ್ಬಿಸಿದರೂ ಎಂಟು ಗಂಟೆಯಾದರೂ ದಕ್ಕುತ್ತದೆ. ಹನ್ನೊಂದರವರೆಗೆ ಓದಿಸಿ ನಾಲ್ಕೂವರೆಗೆ ಎಬ್ಬಿಸುವುದು ಮಾತ್ರ ಯಾವ ಲೆಕ್ಕಕ್ಕೂ ಬಾರದು. ದಾನಿಗಳೂ ಇಲ್ಲಿ ನೆರವಾಗಬಹುದು. ಕೊಠಡಿಗೆ, ಕಮಾನಿಗೆ, ಗಡಿಯಾರದ ಗೋಪುರಕ್ಕೆ ದಾನ ಕೊಡುವವರು ಅನೇಕರು. ಸೊಳ್ಳೆಪರದೆಗೆ, ಕಿಟಕಿಯ ಜಾಲರಿಗೆ, ಚಾಪೆಯ ಮೇಲೊಂದು ದಪ್ಪ ಹಾಸಿಗೆಗೆ ಕೊಡುವವರು ವಿರಳ. ಸೊಳ್ಳೆಪರದೆಯ ಮೇಲೆ ಹೆಸರಿನ ಕಲ್ಲನ್ನು ನೆಡಲಾಗದೆಂಬುದು ಕಾರಣವಿರಬಹುದು.

ತಡವಾಗಿ ಎಬ್ಬಿಸಿದರೆ ತಡವಾಗಿಯೇ ಮಲಗುತ್ತಾರೆಂಬ ಆಕ್ಷೇಪಣೆ ಉಂಟು. ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಪ್ರೌಢಶಾಲೆಗಳ ಆರಂಭವನ್ನು 7.50ರಿಂದ 8.45ಕ್ಕೆ ಸರಿಸಿದಾಗ ಮಕ್ಕಳ ನಿದ್ರೆ ಪ್ರತಿರಾತ್ರಿ 34 ನಿಮಿಷ ಹೆಚ್ಚಿತೆಂದು ಅಳೆದು ನೋಡಿದವರು ಹೇಳಿದ್ದಾರೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2022ರಿಂದ ಹಿರಿಯ ತರಗತಿಗಳು ಎಂಟೂವರೆಗೆ ಮೊದಲು ಆರಂಭವಾಗಕೂಡದೆಂಬ ಶಾಸನವೇ ಜಾರಿಗೆ ಬಂದಿತು. ನೆರೆಯ ಮಹಾರಾಷ್ಟ್ರವು 2024ರ ಫೆಬ್ರುವರಿಯಲ್ಲಿ ನಾಲ್ಕನೆಯ ತರಗತಿಯವರೆಗಿನ ಪಾಠಗಳು ಒಂಬತ್ತಕ್ಕೆ ಮೊದಲು ಆರಂಭವಾಗಬಾರದೆಂದು ಆದೇಶಿಸಿತು. ಉದ್ದೇಶ ಒಳ್ಳೆಯದೇ; ಆದರೆ ಬೆಳಗ್ಗೆ ತಾವಾಗಿಯೇ ಏಳುವ ಚಿಕ್ಕವರಿಗೆ ರಿಯಾಯಿತಿ ಸಿಕ್ಕಿತು, ಏಳಲಾರದ ದೊಡ್ಡವರಿಗೆ ಸಿಗಲಿಲ್ಲ. ಹತ್ತರ ಸುಮಾರಿಗೆ ಪಾಠ ಆರಂಭಿಸುವ ಕನ್ನಡ ನಾಡಿನ ಹಳ್ಳಿಯ ಶಾಲೆಗಳು ಈ ದೃಷ್ಟಿಯಿಂದ ಹಿಂದೆ ಬಿದ್ದಿಲ್ಲ. ಅದಕ್ಕೆ ಮುಂಚಿನ ವಿಶೇಷ ತರಗತಿಗಳು ಆ ಲಾಭವನ್ನು ನುಂಗುತ್ತಿವೆ.

ಇಷ್ಟೆಲ್ಲ ಮಾಡಿದರೂ ನಿದ್ರಿಸಲಾರದ ಕೆಲವರು ಇದ್ದೇ ಇರುತ್ತಾರೆ. ಆಟದಲ್ಲಿ ಮುಂದಿದ್ದ ಹುಡುಗ ಮೂಲೆ ಸೇರಿದರೆ, ಊಟ ಬಿಟ್ಟರೆ, ನಡುರಾತ್ರಿ ಎದ್ದು ಜಗಲಿಯಲ್ಲಿ ಒಬ್ಬನೇ ಕುಳಿತಿದ್ದರೆ, ಬದುಕಿ ಫಲವೇನೆಂಬ ಮಾತನ್ನಾಡಿದರೆ, ಅನಿದ್ರೆ ಅಲ್ಲಿ ಖಿನ್ನತೆಯ ಹೊರಮೈ ಮಾತ್ರ. ಆಗ ಬುದ್ಧಿ ಹೇಳುತ್ತ ಕಾಲ ಕಳೆಯಬಾರದು. ಅವನನ್ನು ಒಂಟಿಯಾಗಿ ಬಿಡದೆ, ಅದೇ ದಿನ ಪೋಷಕರನ್ನು ಕರೆಸಿ, ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416; ಹಗಲುರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಪ್ರಸಾದ ನಿಲಯದ ಸೂಚನಾಫಲಕದಲ್ಲಿ, ಬೆಳಗಿನ ಗಂಟೆಯ ವೇಳೆಯ ಪಕ್ಕದಲ್ಲಿ, ಈ ಸಂಖ್ಯೆಯನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಿಸಬಹುದು.